ಇಪ್ಪತ್ತೊಂಬತ್ತು ಅಂಕಗಳ ಗಾಥೆ: ಗೊಮ್ಮಟಸಾರದ ಒಂದು ಸಂಖ್ಯೆಯ ಪಾಠವಿಮರ್ಶೆ

ಗೊಮ್ಮಟಸಾರದ ಜೀವಕಾಂಡದಲ್ಲಿ, ಗತಿಮಾರ್ಗಣೆಯ ಪ್ರಕರಣದಲ್ಲಿ, ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಹೇಳುವ ಗಾಥೆಯೊಂದಿದೆ. ಸಂಕೇತವನ್ನರಿಯದೆ ಓದಿದವರಿಗೆ ಅದರ ಅರ್ಥವೇ ಹತ್ತದು. ಜೇನು, ಹೊಗೆ, ಕಲ್ಲು, ಕಳ್ಳರ ಭಯ, ಮೇರು, ದಡ, ಮೀನು ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಮಾತುಗಳು ಅಲ್ಲಿ ಸಾಲುಗೊಂಡಿವೆ. ಇದು ಕಟಪಯಾದಿ ಕ್ರಮದ ರಚನೆ. ಕಕಾರದಿಂದ ಒಂಬತ್ತು, ಟಕಾರದಿಂದ ಒಂಬತ್ತು, ಪಕಾರದಿಂದ ಐದು, ಯಕಾರದಿಂದ ಎಂಟು ವ್ಯಂಜನಗಳು ಕ್ರಮವಾಗಿ ಒಂದು ಮೊದಲಾದ ಅಂಕಗಳನ್ನು ಸೂಚಿಸುತ್ತವೆ. ಞಕಾರ, ನಕಾರ ಮತ್ತು ವ್ಯಂಜನವಿಲ್ಲದ ಬರಿಯ ಸ್ವರ ಇವುಗಳಿಗೆ ಸೊನ್ನೆಯ ಬೆಲೆ. ಅಂಕಗಳ ನಡೆ ಬಲದಿಂದ ಎಡಕ್ಕೆ. ಗಾಥೆಯ ಪೂರ್ವಾರ್ಧದ 22 ಅಕ್ಷರಗಳನ್ನೂ ಉತ್ತರಾರ್ಧದ ಮೊದಲ 7 ಅಕ್ಷರಗಳನ್ನೂ ಹೀಗೆ ಬಿಡಿಸಿದಾಗ ದೊರೆಯುವ ರಾಶಿ ಇದು:

79228162514264337593543950336

ಇದಕ್ಕೆ ಹಿಂದಿನ ಗಾಥೆಯಲ್ಲಿ ಆಚಾರ್ಯ ನೇಮಿಚಂದ್ರರು ಇದೇ ರಾಶಿಯನ್ನು ಬೇರೊಂದು ಬಗೆಯಲ್ಲಿ ಹೇಳಿದ್ದಾರೆ. ಅದು ಐದನೆಯ ಕೃತಿಯ, ಅಂದರೆ ಐದನೆಯ ವರ್ಗದ, ಘನ. ಎರಡರಿಂದ ಆರಂಭಿಸಿ ವರ್ಗದ ಮೇಲೆ ವರ್ಗ ಮಾಡುತ್ತ ಹೋದರೆ 4, 16, 256, 65536, 4294967296, 18446744073709551616 ಎಂಬ ಧಾರೆ ಸಿಗುತ್ತದೆ. ಈ ಧಾರೆಯ ನಾಲ್ಕನೆಯದಕ್ಕೆ ಪಣ್ಣಟ್ಠಿ, ಐದನೆಯದಕ್ಕೆ ಬಾದಾಲ, ಆರನೆಯದಕ್ಕೆ ಏಕಟ್ಠಿ ಎಂದು ಪ್ರಾಕೃತ ಸಂಪ್ರದಾಯದ ಹೆಸರು. 65, 42, ಒಂದು ಮತ್ತು ಎಂಟು ಎಂಬ ಮೊದಲ ಅಂಕಗಳನ್ನೇ ಹಿಡಿದು ಇಟ್ಟ ಹೆಸರುಗಳಿವು. ಬಾಯಿಪಾಠದ ಸೌಕರ್ಯ ಎದ್ದು ಕಾಣುತ್ತದೆ. ಬಾದಾಲದ ವರ್ಗವೇ ಏಕಟ್ಠಿಯಾದುದರಿಂದ, ಬಾದಾಲದ ಘನವೆಂದರೂ ಒಂದೇ, ಬಾದಾಲ ಏಕಟ್ಠಿಗಳ ಗುಣಲಬ್ಧವೆಂದರೂ ಒಂದೇ. ಅನುಯೋಗದ್ವಾರಸೂತ್ರದಲ್ಲಿ ಗರ್ಭಜ ಮನುಷ್ಯರ ಜಘನ್ಯ ಸಂಖ್ಯೆಯನ್ನು ಎರಡನೆಯ ಬಗೆಯಲ್ಲಿ, ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಿದ್ದು ಎಂದು, ಹೇಳಲಾಗಿದೆ. ಅದು ಇಪ್ಪತ್ತೊಂಬತ್ತು ಸ್ಥಾನಗಳ ರಾಶಿಯೆಂದೂ, ತೊಂಬತ್ತಾರು ಸಲ ಅರ್ಧಿಸಬಹುದಾದ ರಾಶಿಯೆಂದೂ ಅಲ್ಲಿಯೇ ಉಂಟು. ಶ್ವೇತಾಂಬರ ದಿಗಂಬರ ಪರಂಪರೆಗಳೆರಡೂ ಒಂದೇ ರಾಶಿಯನ್ನು ಕಾಪಾಡಿಕೊಂಡು ಬಂದಿರುವುದು ಸಾಮಾನ್ಯ ಸಂಗತಿಯಲ್ಲ.

ರಾಶಿಯ ಗಣಿತಸ್ವರೂಪ ಸರಳ. ತೊಂಬತ್ತಾರು ಎರಡುಗಳ ಗುಣಲಬ್ಧವಿದು. ಎರಡನ್ನು ಬಿಟ್ಟರೆ ಬೇರೆ ಯಾವ ಅವಿಭಾಜ್ಯ ಸಂಖ್ಯೆಯೂ ಇದನ್ನು ಭಾಗಿಸದು. ಧವಲೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇದರ ಅರ್ಧಚ್ಛೇದಗಳು 96, ಚತುರ್ಥಚ್ಛೇದಗಳು 48. ಆದರೆ 96 ಎರಡರ ಘಾತವಲ್ಲದ ಕಾರಣ ಇದಕ್ಕೆ ಪೂರ್ಣಾಂಕದ ವರ್ಗಶಲಾಕೆ ಇಲ್ಲ. ವರ್ಗಧಾರೆಯಲ್ಲಿ ಈ ರಾಶಿ ಎಲ್ಲಿಯೂ ನಿಲ್ಲುವುದಿಲ್ಲ. ಆರನೆಯ ವರ್ಗದ ಅರ್ಧಚ್ಛೇದ 64, ಏಳನೆಯದರದು 128. ಎರಡರ ನಟ್ಟನಡುವೆ 96. ಆದ್ದರಿಂದ ಈ ರಾಶಿಯನ್ನು ವರ್ಗಿಸಿದರೆ ಆರನೆಯ ಮತ್ತು ಏಳನೆಯ ವರ್ಗಗಳ ಗುಣಲಬ್ಧವೇ ಬರುತ್ತದೆ. (ಇಂದಿನ ಗಣಕಯಂತ್ರಗಳಲ್ಲಿ 96 ದ್ವಿಮಾನ ಸ್ಥಾನಗಳನ್ನು ಬಳಸುವ ಒಂದು ದಶಮಾನ ಸಂಖ್ಯಾಪದ್ಧತಿ ಇದೆ, ಅದರಲ್ಲಿ ಬರೆಯಬಹುದಾದ ಅತಿ ದೊಡ್ಡ ಪೂರ್ಣಾಂಕವು ನಮ್ಮ ರಾಶಿಗಿಂತ ಸರಿಯಾಗಿ ಒಂದು ಕಡಮೆ.)

ಗ್ರಂಥಸಂಪಾದಕನಿಗೆ ಇಷ್ಟರಿಂದ ಆಗಬೇಕಾದ್ದೇನು ಎಂಬುದು ಇಲ್ಲಿನ ಪ್ರಶ್ನೆ. ಗಾಥೆಯ ಭಾಷೆಯನ್ನು ಮೊದಲು ನೋಡೋಣ. ಗೊಮ್ಮಟಸಾರ ಜೈನ ಶೌರಸೇನಿಯಲ್ಲಿರುವ ಕೃತಿ. ಆ ಪ್ರಾಕೃತದ ಸಾಮಾನ್ಯ ನಡೆಯಂತೆ ನಕಾರವು ಣಕಾರವಾಗಬೇಕು. ಸ್ವರಗಳ ನಡುವಣ ಧಕಾರವು ಹಕಾರವಾಗುವುದುಂಟು. ಶ, ಷ, ಸ ಮೂರೂ ಸಕಾರವೇ ಆಗಬೇಕು. ಈ ಗಾಥೆಯಲ್ಲಿ ಮೂರನೆಯ ನಿಯಮ ಮಾತ್ರ ಪಾಲನೆಗೊಂಡಿದೆ. ನಾಲ್ಕನೆಯ ಅಕ್ಷರವು ‘ಲೀನ’ ಎಂಬ ಮಾತಿನ ನಕಾರ. ಅದು ‘ಲೀಣ’ ಎಂದಾಗಿಲ್ಲ. ಆರನೆಯ ಅಕ್ಷರವು ‘ಮಧು’ ಎಂಬುದರ ಧಕಾರ. ಅದು ‘ಮಹು’ ಆಗಿಲ್ಲ. ಆದರೆ ಹದಿಮೂರನೆಯ ಅಕ್ಷರದಲ್ಲಿ ಸಂಸ್ಕೃತದ ‘ಶಿಲಾ’ ಇಲ್ಲ, ‘ಸಿಲಾ’ ಇದೆ. ಕೊನೆಯ ಅಕ್ಷರದಲ್ಲಿ ‘ಝಷ’ ಇಲ್ಲ, ‘ಝಸ’ ಇದೆ. ಭಾಷೆಯ ಶುದ್ಧಿಯನ್ನು ಮಾತ್ರ ನೋಡುವ ಸಂಪಾದಕನಿಗೆ ಇದು ಮಿಶ್ರಪಾಠವೆಂದೇ ತೋರುವುದು. ಪ್ರಾಕೃತ ವ್ಯಾಕರಣದಲ್ಲಿ ನಿಷ್ಠೆಯುಳ್ಳವನು ‘ಲೀಣ’, ‘ಮಹು’ ಎಂದು ತಿದ್ದಲು ಹೊರಡುತ್ತಾನೆ. ಸಂಸ್ಕೃತಾಭ್ಯಾಸ ಬಲವಾಗಿರುವ ಲಿಪಿಕಾರನು ತಿಳಿಯದೆಯೇ ‘ಶಿಲಾ’, ‘ಝಷಾ’ ಎಂದು ಬರೆದುಬಿಡುತ್ತಾನೆ.

ಈ ನಾಲ್ಕು ತಿದ್ದುಪಡಿಗಳಲ್ಲಿ ಯಾವುದರಿಂದಲೂ ಮಾತಿನ ಅರ್ಥ ಕೆಡುವುದಿಲ್ಲ. ಛಂದಸ್ಸೂ ಕೆಡುವುದಿಲ್ಲ. ಗಾಥೆಯ ಮೊದಲ ಪಾದದ 12 ಮಾತ್ರೆಗಳು, ಎರಡನೆಯ ಪಾದದ 18 ಮಾತ್ರೆಗಳು ಇದ್ದಂತೆಯೇ ಇರುತ್ತವೆ. ಏಕೆಂದರೆ ನಕಾರದ ಬದಲು ಣಕಾರ ಬಂದರೆ ಲಘು ಲಘುವಾಗಿಯೇ ಉಳಿಯುತ್ತದೆ. ಪಾಠ ಕೆಟ್ಟಿದೆಯೆಂದು ಕಂಡುಹಿಡಿಯಲು ನಾವು ನೆಚ್ಚಿರುವ ಎರಡು ಸಾಧನಗಳು, ಅರ್ಥ ಮತ್ತು ಮಾತ್ರಾಗಣನೆ, ಇಲ್ಲಿ ಕುರುಡಾಗುತ್ತವೆ. ಕೆಡುವುದು ಸಂಖ್ಯೆ ಮಾತ್ರ. ‘ಲೀಣ’ ಎಂದರೆ ಸಾವಿರದ ಸ್ಥಾನದ ಸೊನ್ನೆ ಐದಾಗುತ್ತದೆ. ‘ಮಹು’ ಎಂದರೆ ಲಕ್ಷದ ಸ್ಥಾನದ ಒಂಬತ್ತು ಎಂಟಾಗುತ್ತದೆ. ‘ಶಿಲಾ’ ಎಂದರೆ ಏಳು ಇದ್ದಲ್ಲಿ ಐದು. ‘ಝಷಾ’ ಎಂದರೆ ರಾಶಿಯ ಅಗ್ರದ ಏಳೇ ಆರಾಗಿ, ಒಂದು ಕೋಟಾಕೋಟಾಕೋಟಾಕೋಟಿ ಮನುಷ್ಯರು ಒಂದೇ ಅಕ್ಷರದಲ್ಲಿ ಕಾಣೆಯಾಗುತ್ತಾರೆ! ನಕಾರ ಧಕಾರಗಳಲ್ಲಿ ಸಂಸ್ಕೃತದಂತೆ, ಸಕಾರದಲ್ಲಿ ಪ್ರಾಕೃತದಂತೆ ನಡೆದಿರುವ ಈ ಗಾಥೆಯ ಭಾಷೆ ಅಜಾಗರೂಕತೆಯ ಫಲವಲ್ಲ. ಯಾವ ಅಕ್ಷರ ಯಾವ ರೂಪದಲ್ಲಿದ್ದರೆ ಅಂಕ ನಿಲ್ಲುವುದೋ ಆ ರೂಪವನ್ನೇ ಕವಿ ಆರಿಸಿದ್ದಾನೆ. ಮುದ್ರಿತ ಪಾಠದಲ್ಲಿ ಇವು ನಾಲ್ಕೂ ಸರಿಯಾಗಿ ಉಳಿದಿರುವುದು ಪರಂಪರೆಯ ಎಚ್ಚರಕ್ಕೆ ಸಾಕ್ಷಿ.

ಕನ್ನಡ ಲಿಪಿಯ ಓಲೆಗರಿಗಳಲ್ಲಿ ಕೆಲಸ ಮಾಡುವವರಿಗೆ ಇನ್ನೂ ಕೆಲವು ಅಪಾಯಗಳಿವೆ. ದಕಾರ ಧಕಾರಗಳ ಭೇದ ಒಂದು ಸಣ್ಣ ಸೀಳಿನದು. ಕಂಠದ ತುದಿ ಜಾರಿದರೆ ಒಂಬತ್ತು ಎಂಟಾಗುತ್ತದೆ. ವಕಾರ ಮಕಾರಗಳು ನಾಲ್ಕು ಐದುಗಳು. ಈ ಗಾಥೆಯಲ್ಲಿ ‘ವಿಮಲ’ ಎಂಬ ಮಾತಿನಲ್ಲಿ ಅವೆರಡೂ ಅಕ್ಕಪಕ್ಕದಲ್ಲಿವೆ. ಲಕಾರದ ವಿಷಯ ಮಾತ್ರ ಬೇರೆ. ದಕ್ಷಿಣದ ಪ್ರತಿಗಳಲ್ಲಿ ಪ್ರಾಕೃತದ ಲಕಾರವನ್ನು ಳಕಾರವಾಗಿ ಬರೆಯುವ ರೂಢಿ ಉಂಟು; ಕನ್ನಡಿಗನ ಕೈಗೆ ‘ತಲ’ಕ್ಕಿಂತ ‘ತಳ’ವೇ ಸಹಜ. ಯಕಾರದಿಂದ ಹಕಾರದವರೆಗಿನ ಎಂಟರಲ್ಲಿ ಳಕಾರಕ್ಕೆ ಸ್ಥಾನವೇ ಇಲ್ಲವಾದುದರಿಂದ ಅದನ್ನು ಲಕಾರವೆಂದೇ ಎಣಿಸಬೇಕಾಗುತ್ತದೆ, ಅಂಕ ಕೆಡುವುದಿಲ್ಲ. ಕೇರಳದ ಗಣಿತಗ್ರಂಥಗಳಲ್ಲಿ ಳಕಾರಕ್ಕೆ ಒಂಬತ್ತರ ಬೆಲೆ ಇದೆ. ಆ ಕ್ರಮವನ್ನು ಇಲ್ಲಿಗೆ ತಂದು ಹಚ್ಚುವುದು ತಪ್ಪು. ಗೊಮ್ಮಟಸಾರದ ವ್ಯಾಖ್ಯಾನಗಳಲ್ಲಿ ಒಂದಾದ ಕೇಶವಣ್ಣನ ವೃತ್ತಿ ಕ್ರಿ.ಶ. 1359ರ ಕನ್ನಡ ಕೃತಿ. ಸಂಸ್ಕೃತದ ಜೀವತತ್ತ್ವಪ್ರದೀಪಿಕೆ ಅದನ್ನು ಅನುಸರಿಸಿ ಹುಟ್ಟಿದ್ದೆಂದು ಡಾ. ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಈ ಲಿಪಿಯ ಅಪಾಯಗಳು ಕೇವಲ ಸ್ಥಳೀಯವೆಂದು ತಳ್ಳಿಹಾಕುವಂತಿಲ್ಲ. ಪಾಠದ ಹೆದ್ದಾರಿಯೇ ಕನ್ನಡ ನಾಡಿನ ಮೂಲಕ ಹಾದುಹೋಗಿದೆ.

ಅರ್ಧಚ್ಛೇದವೇ ಇಲ್ಲಿ ಸಂಪಾದಕನ ಕೈಗೆ ಒಂದು ಒರೆಗಲ್ಲನ್ನು ಕೊಡುತ್ತದೆ. ಶುದ್ಧ ರಾಶಿಯನ್ನು ಅರ್ಧಿಸುತ್ತ ಹೋದರೆ ತೊಂಬತ್ತಾರನೆಯ ಸಲಕ್ಕೆ ಒಂದು ಉಳಿಯುತ್ತದೆ, ನಡುವೆ ಎಲ್ಲಿಯೂ ಭಿನ್ನ ಬರುವುದಿಲ್ಲ. ‘ಲೀಣ’ ಎಂಬ ಪಾಠದ ರಾಶಿಯನ್ನು ಅರ್ಧಿಸಿ ನೋಡಿ: ಮೂರೇ ಸಲಕ್ಕೆ ಬೆಸ ಸಂಖ್ಯೆ ಎದುರಾಗಿ ಕೆಲಸ ನಿಂತುಹೋಗುತ್ತದೆ. ಕಾರಣ ಸ್ಪಷ್ಟ. ಶುದ್ಧ ರಾಶಿಗೂ ಇದಕ್ಕೂ ಇರುವ ಅಂತರ 5000. ಐದು ಸಾವಿರವನ್ನು ಮೂರು ಸಲ ಮಾತ್ರ ಅರ್ಧಿಸಬಹುದು. ‘ಮಹು’ ಪಾಠದಲ್ಲಿ ಅಂತರ ಒಂದು ಲಕ್ಷ. ಐದು ಸಲಕ್ಕೆ ನಿಲ್ಲುತ್ತದೆ. ‘ಶಿಲಾ’ ಪಾಠ ಹದಿಮೂರಕ್ಕೆ, ‘ಝಷಾ’ ಪಾಠ ಇಪ್ಪತ್ತೆಂಟಕ್ಕೆ. ಅಂಕದ ಅಂತರ ಬೆಸವಾಗಿದ್ದರೆ, ಎಷ್ಟನೆಯ ಸಲಕ್ಕೆ ಅರ್ಧಿಸುವುದು ನಿಲ್ಲುವುದೋ ಅದರ ಮುಂದಿನ ಅಕ್ಷರವೇ ಕೆಟ್ಟ ಅಕ್ಷರ. ಅಂತರ ಸಮವಾಗಿದ್ದರೆ ಒಂದರಿಂದ ಮೂರು ಸ್ಥಾನಗಳಷ್ಟು ಹಿಂದೆ ನೋಡಬೇಕು. ತಪ್ಪು ಇದೆಯೆಂದು ಹೇಳುವುದಷ್ಟೇ ಅಲ್ಲ, ತಪ್ಪು ಗಾಥೆಯ ಎಲ್ಲಿ ಇದೆಯೆಂಬುದನ್ನೂ ರಾಶಿಯೇ ಬೆರಳಿಟ್ಟು ತೋರಿಸುತ್ತದೆ. ಎಲ್ಲ ಸಂಖ್ಯೆಗಳಿಗೂ ಈ ಗುಣವಿಲ್ಲ. ಎರಡರ ದೊಡ್ಡ ಘಾತವಾದುದರಿಂದಲೇ ಇದಕ್ಕೆ ಬಂದಿರುವ ಗುಣ ಇದು.

ಇಷ್ಟು ಶ್ರಮವಿಲ್ಲದ ಪರೀಕ್ಷೆಗಳೂ ಇವೆ. ರಾಶಿಯ 29 ಅಂಕಗಳನ್ನು ಕೂಡಿದರೆ 127. ಒಂಬತ್ತರಿಂದ ಭಾಗಿಸಿದರೆ ಶೇಷ 1. ಎರಡರ ಆರನೆಯ ಘಾತವಾದ 64ಕ್ಕೆ ಒಂಬತ್ತರಲ್ಲಿ ಶೇಷ 1. 96 ಆರರ ಹದಿನಾರರಷ್ಟು. ಆದ್ದರಿಂದ ಶೇಷ 1 ಬರಲೇಬೇಕು. ಮೇಲಿನ ನಾಲ್ಕು ಅಪಪಾಠಗಳಲ್ಲಿ ಶೇಷ ಕ್ರಮವಾಗಿ 6, 0, 8, 0. ಸೊನ್ನೆ ಒಂಬತ್ತಾಗಿ, ಒಂಬತ್ತು ಸೊನ್ನೆಯಾಗಿ ಮಾರ್ಪಟ್ಟರೆ ಮಾತ್ರ ಈ ಪರೀಕ್ಷೆ ಮೋಸಹೋಗುತ್ತದೆ. ಅಕ್ಷರಗಳು ಸ್ಥಾನಪಲ್ಲಟವಾದರೂ ಇದಕ್ಕೆ ತಿಳಿಯದು. ಪಲ್ಲಟಕ್ಕೆ ಹನ್ನೊಂದರ ಪರೀಕ್ಷೆ ಇದೆ: ಬಲದಿಂದ ಒಂದನ್ನು ಕೂಡಿ ಒಂದನ್ನು ಕಳೆಯುತ್ತ ಹೋದರೆ 31 ಬರುತ್ತದೆ, ಹನ್ನೊಂದರಲ್ಲಿ ಶೇಷ 9. ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಗಳು ಸ್ಥಾನ ಬದಲಿಸಿದರೆ ಈ ಶೇಷ ನಿಲ್ಲದು. ಹಸ್ತಪ್ರತಿಯ ಅಂಚಿನಲ್ಲಿ ಹತ್ತು ನಿಮಿಷಗಳಲ್ಲಿ ಮಾಡಿ ಮುಗಿಸಬಹುದಾದ ಲೆಕ್ಕಗಳು ಇವು. ಪ್ರಾಚೀನರು ಹೀಗೆಯೇ ಪರೀಕ್ಷಿಸುತ್ತಿದ್ದರೆಂದು ನಾನು ಹೇಳುತ್ತಿಲ್ಲ. ಅವರು ಕೊಟ್ಟ ರಾಶಿಯಲ್ಲಿ ಈ ಶಕ್ತಿ ಇದೆಯೆಂದಷ್ಟೇ ನನ್ನ ಮಾತು. ಈಚೆಗೆ ಸಾಮಾನ್ಯ ಗಣಕದಲ್ಲಿ ಘಾತವನ್ನು ಒತ್ತಿ ನೋಡಿ ತೃಪ್ತರಾಗುವ ಅಭ್ಯಾಸ ಬಂದಿದೆ. ಅದು ಮೊದಲ ಕೆಲವು ಅಂಕಗಳನ್ನು ಮಾತ್ರ ತೋರಿಸಿ ಉಳಿದವನ್ನು ನುಂಗಿಬಿಡುತ್ತದೆ. ‘ಲೀನ’ವೋ ‘ಲೀಣ’ವೋ ಎಂಬುದು ಆ ನುಂಗಿದ ಭಾಗದಲ್ಲಿಯೇ ಇದೆ.

ಗಾಥೆಯ ಪಾಠದ ಮಟ್ಟಿಗೆ ಗಣಿತದ ತೀರ್ಪು ನಿರ್ವಿವಾದ. ಆದರೆ ಈ ತೀರ್ಪಿನ ಬಲದಿಂದ ಮತ್ತೊಂದು ಗ್ರಂಥದ ಪಾಠವನ್ನು ತಿದ್ದಲು ಹೊರಟರೆ ಏನಾಗುತ್ತದೆ? ಅಲ್ಲಿಯೇ ನಿಜವಾದ ತೊಡಕು.

ಷಟ್ಖಂಡಾಗಮದ ದ್ರವ್ಯಪ್ರಮಾಣಾನುಗಮದಲ್ಲಿ ಪರ್ಯಾಪ್ತ ಮನುಷ್ಯರಲ್ಲಿನ ಮಿಥ್ಯಾದೃಷ್ಟಿಗಳ ಸಂಖ್ಯೆಯನ್ನು ಎರಡು ಜೊತೆ ಎಲ್ಲೆಗಳಿಂದ ಹೇಳಿದೆ. ಒಂದು, ಕೋಟಾಕೋಟಾಕೋಟಿಯ ಮೇಲೆ, ಕೋಟಾಕೋಟಾಕೋಟಾಕೋಟಿಯ ಕೆಳಗೆ. ಇನ್ನೊಂದು, ಆರು ವರ್ಗಗಳ ಮೇಲೆ, ಏಳು ವರ್ಗಗಳ ಕೆಳಗೆ. (ಉಳಿದ ಗುಣಸ್ಥಾನಗಳ ಮನುಷ್ಯರು ಕೋಟಿಗಳ ಲೆಕ್ಕದವರು, ಇಷ್ಟು ದೊಡ್ಡ ರಾಶಿಯ ಮುಂದೆ ಅವರನ್ನು ಸೇರಿಸಿದರೂ ಬಿಟ್ಟರೂ ವಾದ ಬದಲಾಗದು.) ನಮ್ಮ ರಾಶಿ ಎರಡನೆಯ ಜೊತೆಯ ಒಳಗೆ, ಮೇಲೆ ಹೇಳಿದಂತೆ ನಟ್ಟನಡುವೆ, ಸುಖವಾಗಿ ನಿಲ್ಲುತ್ತದೆ. ಮೊದಲನೆಯ ಜೊತೆಯಲ್ಲಿ ನಿಲ್ಲುವುದಿಲ್ಲ. ರಾಶಿಯನ್ನು ಕೋಟಿಕೋಟಿಯಾಗಿ, ಅಂದರೆ ಏಳೇಳು ಅಂಕಗಳಾಗಿ, ಬಿಡಿಸಿ ಬರೆಯಿರಿ: 7, 9228162, 5142643, 3759354, 3950336. ಇದನ್ನು ಬಾಯಲ್ಲಿ ಹೇಳುವಾಗ ಬರುವ ಮೊದಲ ಮಾತೇ ಏಳು ಕೋಟಾಕೋಟಾಕೋಟಾಕೋಟಿ. ಸೂತ್ರವಾದರೋ ಒಂದು ಕೋಟಾಕೋಟಾಕೋಟಾಕೋಟಿಗೂ ಕೆಳಗೆ ಎನ್ನುತ್ತದೆ. ಕೋಟಿಯ ನಾಲ್ಕನೆಯ ಘಾತವೂ ಒಂದರ ಮುಂದೆ 28 ಸೊನ್ನೆಗಳಿರುವ 29 ಸ್ಥಾನಗಳ ಸಂಖ್ಯೆಯೇ. ಸ್ಥಾನಗಳನ್ನು ಮಾತ್ರ ಎಣಿಸಿದವರಿಗೆ ಎರಡೂ ಸಮವಾಗಿ ಕಂಡು ವಿರೋಧ ಮರೆಯಾಗುತ್ತದೆ. ಬೆಲೆಯನ್ನು ನೋಡಿದವರಿಗೆ ಎಂಟರಷ್ಟು ಸಮೀಪದ ವ್ಯತ್ಯಾಸ ಕಾಣುತ್ತದೆ. ಆ ಎಲ್ಲೆಯ ಕೆಳಗೆ ಬರುವ ಎರಡರ ಅತಿ ದೊಡ್ಡ ಘಾತ 9903520314283042199192993792. ಅದು ನಮ್ಮ ರಾಶಿಯ ಎಂಟನೆಯ ಒಂದು ಭಾಗ, ಅದರ ಅರ್ಧಚ್ಛೇದಗಳು 93.

ವೀರಸೇನಾಚಾರ್ಯರು ಇದನ್ನು ಕಂಡಿದ್ದರು. ಧವಲೆಯಲ್ಲಿ ಅವರು ಮನುಷ್ಯಕ್ಷೇತ್ರದ ಕ್ಷೇತ್ರಫಲವನ್ನು ಲೆಕ್ಕಹಾಕಿ, ಇಷ್ಟು ಮನುಷ್ಯರಿಗೆ ಅಲ್ಲಿ ಎಡೆಯಿಲ್ಲವೆಂದು ತೋರಿಸಿ, ಬಾದಾಲದ ಘನವೆಂಬ ಮತವನ್ನು ಒಪ್ಪದೆ ಬಿಟ್ಟಿದ್ದಾರೆ. 1942ರಲ್ಲಿ ಅಚ್ಚಾದ ಧವಲೆಯ ನಾಲ್ಕನೆಯ ಸಂಪುಟಕ್ಕೆ ಗಣಿತವಿಷಯಕ ಲೇಖನವನ್ನು ಬರೆದ ಡಾ. ಅವಧೇಶ ನಾರಾಯಣ ಸಿಂಹರು ಈ ಅಂಶದತ್ತ ಗಮನ ಸೆಳೆದಿದ್ದರು. ನಮ್ಮಲ್ಲಿ ಅದಕ್ಕೆ ಸಲ್ಲಬೇಕಾದ ಚರ್ಚೆ ಸಂದಿಲ್ಲವೆಂದು ನನ್ನ ಭಾವನೆ. ಆಕ್ಷೇಪದ ತೂಕವನ್ನು ನಾನೂ ಸ್ಥೂಲವಾಗಿ ಪರೀಕ್ಷಿಸಿದೆ. ಇದು ವೀರಸೇನರ ಕ್ರಮವಲ್ಲ, ನನ್ನ ಲೆಕ್ಕ. ಮನುಷ್ಯಕ್ಷೇತ್ರದ ವ್ಯಾಸ 45 ಲಕ್ಷ ಯೋಜನ. ಪರಿಧಿಗೆ ಹತ್ತರ ವರ್ಗಮೂಲವನ್ನು ಹಿಡಿದು, ಯೋಜನಕ್ಕೆ 768000 ಪ್ರಮಾಣಾಂಗುಲಗಳೆಂದೂ, ಪ್ರಮಾಣಾಂಗುಲ ಉತ್ಸೇಧಾಂಗುಲದ ಐನೂರರಷ್ಟೆಂದೂ ಎಣಿಸಿದರೆ, ನಡುವಣ ಎರಡು ಸಮುದ್ರಗಳನ್ನೂ ಬಿಡದೆ ಸೇರಿಸಿದರೂ, ತಲೆಗೆ ಸುಮಾರು 30 ಚದರ ಉತ್ಸೇಧಾಂಗುಲ ಬರುತ್ತದೆ. ಆರು ಅಂಗುಲಕ್ಕೆ ಒಂದು ಪಾದ. ಒಂದು ಚದರ ಪಾದಕ್ಕೇ 36 ಬೇಕು. ಒಂದು ಅಡಿಯನ್ನೂ ಊರಲಾಗದ ಜಾಗ ಅದು. ಐನೂರು ಧನುಸ್ಸಿನ ಎತ್ತರದ ವಿದೇಹದ ಮನುಷ್ಯರ ಮಾತನ್ನು ಎತ್ತುವ ಅಗತ್ಯವೇ ಇಲ್ಲ. ಸೂತ್ರದ ಎಲ್ಲೆಯನ್ನೇ ಹಿಡಿದರೆ ತಲೆಗೆ 236 ಚದರ ಅಂಗುಲಕ್ಕಿಂತ ತುಸು ಹೆಚ್ಚು. ಅದೂ ಇಕ್ಕಟ್ಟೇ, ಆದರೆ ಹದಿನೈದು ಅಂಗುಲದ ಚೌಕದಲ್ಲಿ ಒಬ್ಬನು ನಿಲ್ಲಬಹುದು.

ಇಂಥಲ್ಲಿ ಸಮನ್ವಯದ ಆಸೆ ಹುಟ್ಟುವುದು ಸಹಜ. ಸೂತ್ರದ ಪಾಠ ನೋಡಿ: ಒಂದೇ ಪದ ನಾಲ್ಕು ಸಲ ಒಂದರ ಬೆನ್ನಿಗೊಂದು ಬರುತ್ತದೆ. ಹೀಗೆ ಮರುಕಳಿಸುವ ಅಕ್ಷರಗಳ ನಡುವೆ ಲಿಪಿಕಾರನ ಕಣ್ಣು ಜಾರಿ ಒಂದು ಬಿಟ್ಟುಹೋಗುವುದು ಹಸ್ತಪ್ರತಿಗಳಲ್ಲಿ ನಿತ್ಯದ ಅನುಭವ. ಮೂಲದಲ್ಲಿ ಐದು ಕೋಟಿಗಳಿದ್ದು ಒಂದು ಬಿದ್ದುಹೋಗಿದೆಯೆಂದು ಊಹಿಸಿದರೆ ಮೇಲಿನ ಎಲ್ಲೆ ಒಂದರ ಮುಂದೆ 35 ಸೊನ್ನೆಗಳಾಗುತ್ತದೆ. ಅದು ಏಳನೆಯ ವರ್ಗದೊಳಗೇ ಅಡಗುತ್ತದೆ. ನಮ್ಮ ರಾಶಿ ಎರಡು ಜೊತೆಗಳಲ್ಲಿಯೂ ನಿಲ್ಲುತ್ತದೆ. ಎಲ್ಲ ವಿರೋಧವೂ ಮಾಯವಾಗುತ್ತದೆ. ಸುಂದರವಾದ ತಿದ್ದುಪಡಿ. ನಾನೂ ಕೆಲವು ದಿನ ಇದನ್ನು ನಂಬಿದ್ದೆನೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ಇದು ನಿಲ್ಲದು. ಧವಲೆ ಮುಗಿದದ್ದು ಕ್ರಿ.ಶ. 816ರಲ್ಲೆಂದು ಸಾಮಾನ್ಯವಾದ ಎಣಿಕೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ, ಇಂದಿನ ಎಲ್ಲ ಮುದ್ರಣಗಳಿಗೂ ಮೂಲವಾದ ಓಲೆಗರಿಗಳು ಅದಕ್ಕಿಂತ ಶತಮಾನಗಳಷ್ಟು ಈಚಿನವು. ವೀರಸೇನರ ಆಕ್ಷೇಪಕ್ಕೆ ಆಧಾರವೇ ನಾಲ್ಕು ಕೋಟಿಗಳ ಪಾಠ. ಐದಿದ್ದಿದ್ದರೆ ಅವರು ಆಕ್ಷೇಪಿಸಲು ಕಾರಣವೇ ಇರುತ್ತಿರಲಿಲ್ಲ. ಹೀಗಾಗಿ ಆ ಆಕ್ಷೇಪವು ನಮಗೆ ದೊರೆತ ಯಾವ ಓಲೆಗಿಂತಲೂ ಹಳೆಯ ಸಾಕ್ಷಿ. ಅಲ್ಲದೆ ಮನುಷ್ಯಿನಿಯರ ಸಂಖ್ಯೆಯನ್ನು ಹೇಳುವ ಸೂತ್ರದಲ್ಲಿಯೂ ಇವೇ ಎಲ್ಲೆಗಳು ಇದೇ ಮಾತಿನಲ್ಲಿ ಬಂದಿವೆ. ಕಣ್ಣು ಜಾರಿದರೆ ಒಂದೆಡೆ ಜಾರೀತು, ಎರಡೆಡೆಯೂ ಒಂದೇ ಬಗೆಯಾಗಿ ಜಾರಿತೆನ್ನುವುದು ಕಷ್ಟ. ಸುಲಭವಾದ ಪಾಠಕ್ಕಿಂತ ತೊಡಕಿನ ಪಾಠವೇ ಹಳೆಯದಾಗಿರುವ ಸಂಭವ ಹೆಚ್ಚೆಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಆದ್ದರಿಂದ ಗಾಥೆಯನ್ನು ಗಣಿತದಿಂದ ಸ್ಥಿರಗೊಳಿಸಿದ ಸಂಪಾದಕನು ಅದೇ ಉತ್ಸಾಹದಲ್ಲಿ ಸೂತ್ರವನ್ನು ಮುಟ್ಟಬಾರದು. ಬಾದಾಲದ ಘನದಲ್ಲಿ ಎಷ್ಟು ಅಂಕಗಳು, ಯಾವ ಅಂಕಗಳು ಎಂಬುದನ್ನು ಗಣಿತ ಹೇಳಬಲ್ಲದು. ಸೂತ್ರಕಾರರು ಬಾದಾಲದ ಘನವನ್ನೇ ಉದ್ದೇಶಿಸಿದ್ದರೇ ಎಂಬುದನ್ನು ಅದು ಹೇಳಲಾರದು. ಹತ್ತನೆಯ ಶತಮಾನದ ನೇಮಿಚಂದ್ರರು ಧವಲೆಯನ್ನು ಅರೆದು ಕುಡಿದವರು. ಗೊಮ್ಮಟಸಾರವನ್ನು ಅದರ ಸಂಗ್ರಹವೆಂದೇ ಕರೆಯುವ ವಾಡಿಕೆಯಿದೆ. ಆದರೂ ವೀರಸೇನರು ಬಿಟ್ಟ ರಾಶಿಯನ್ನು ಅವರು ಒಂದು ಗಾಥೆಯಲ್ಲಿ ಸೂತ್ರವಾಗಿ, ಇನ್ನೊಂದರಲ್ಲಿ ಅಂಕಗಳಾಗಿ, ಎರಡು ಸಲ ಹೇಳಿದ್ದಾರೆ. ಎರಡನೆಯದನ್ನು ಒಂದೂ ಅಕ್ಷರ ಅಲುಗದಂತೆ ಹೆಣೆದು ಇಟ್ಟಿದ್ದಾರೆ. ಸಂಗ್ರಹಕಾರನ ಕೈ ಇದಲ್ಲ. ಭಿನ್ನಮತವೊಂದನ್ನು ತಿಳಿದೇ ಎತ್ತಿಹಿಡಿದವರ ಕೈ.

ಅದಕ್ಕೆ ತಗುಲಿಕೊಂಡೇ ಬರುವ ಮುಂದಿನ ಗಾಥೆ, ಪರ್ಯಾಪ್ತ ಮನುಷ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಾನುಷಿಯರೆಂದು ಹೇಳುತ್ತದೆ. ಅದನ್ನು ಅಂಕಗಳಲ್ಲಿ ಬರೆದರೆ 59421121885698253195157962752. ತೊಂಬತ್ತನಾಲ್ಕು ಸಲ ಅರ್ಧಿಸಿದರೆ ಮೂರು ಉಳಿಯುತ್ತದೆ. ಇಲ್ಲಿಯೂ ಬಾಯಲ್ಲಿ ಬರುವ ಮೊದಲ ಮಾತು ಐದು ಕೋಟಾಕೋಟಾಕೋಟಾಕೋಟಿ. ಮನುಷ್ಯಿನಿಯರ ಸೂತ್ರದ ಎಲ್ಲೆಯನ್ನು ಅದೂ ದಾಟುತ್ತದೆ. ಮುಂದಿನ ಪರಿಷ್ಕರಣಗಳಲ್ಲಿ ಈ ಎರಡು ಸೂತ್ರಗಳ ಕೆಳಗೂ ವೀರಸೇನರ ಆಕ್ಷೇಪವನ್ನು ಸೂಚಿಸಿ, ಗಾಥೆಯ ಕೆಳಗೆ ಅಕ್ಷರಕ್ಕೆ ಅಂಕವನ್ನು ಜೋಡಿಸಿ ಅಚ್ಚುಮಾಡಿದರೆ, ‘ಲೀನ’ವನ್ನು ‘ಲೀಣ’ವೆಂದು ತಿದ್ದುವ ಕೈ ಅಲ್ಲಿ ತಡೆದೀತು.